ಅಮ್ಮನಿಗೆ ಕೋಡು ಮೂಡಿದ ಕಥೆ

2008ರಲ್ಲಿ ದಕ್ಷಿಣ ಕೊರಿಯಾದ ಮನೆಗಳಲ್ಲಿ ಒಂದು ವಾಗ್ವಾದ ಎದ್ದಿತು. ಅದಕ್ಕೆ ಕಾರಣಳಾದವಳು ಕಿಮ್ ಹಾನ್ ಜಾ ಎಂಬ ಗೃಹಿಣಿ. ಮದುವೆಯಾಗಿ ಬಂದು ನಲವತ್ತು ವರ್ಷ ಮಾವ, ಗಂಡ, ಮೂವರು ಮಕ್ಕಳಿಗಾಗಿ ಬೇಯಿಸಿ, ತೊಳೆದು, ಕಾದು ಕುಳಿತ ಈಕೆ ಒಂದು ದಿನ ತನಗೆ ಒಂದು ವರ್ಷ ರಜೆ ಬೇಕೆಂದಳು. ವಿಚ್ಛೇದನವಲ್ಲ, ತವರಿಗೆ ಹೋಗುವುದೂ ಅಲ್ಲ, ಬರೀ ರಜೆ. ಹೇಳಿದ್ದಷ್ಟೇ ಅಲ್ಲ, ಒಂದು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದು ಹೊರಟೇಬಿಟ್ಟಳು. ತಾಯಿಯಾದವಳು ಇಷ್ಟು ಸ್ವಾರ್ಥಿಯಾಗಬಹುದೇ ಎಂದು ಕೆಲವರು ಸಿಡುಕಿದರೆ, ನಲವತ್ತು ವರ್ಷ ದುಡಿದವಳಿಗೆ ಒಂದು ವರ್ಷ ಹೆಚ್ಚಾಯಿತೇ ಎಂದು ಉಳಿದವರು ತಿರುಗಿ ಕೇಳಿದರು.

ಹಾನ್ ಜಾ ನಿಜವಾದ ಹೆಂಗಸಲ್ಲ. ಕೆಬಿಎಸ್ ವಾಹಿನಿಯ 66 ಕಂತುಗಳ ವಾರಾಂತ್ಯದ ಧಾರಾವಾಹಿಯೊಂದರ ಪಾತ್ರ. ಧಾರಾವಾಹಿಯ ಹೆಸರನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ‘ಅಮ್ಮನಿಗೆ ಕೋಡು ಮೂಡಿತು’ ಎಂದಾಗುತ್ತದೆ. ನಮ್ಮಲ್ಲಿ ಕೋಡು ಮೂಡುವುದು ಜಂಬ ಬಂದವರಿಗೆ. ಕೊರಿಯನ್ನರ ಆಡುಮಾತಿನಲ್ಲಿ ಅದು ಸಿಟ್ಟು ಬಂದವರಿಗೆ. ಹಾನ್ ಜಾಳ ನೆರೆಹೊರೆಯವರನ್ನು ಕೇಳಿದ್ದರೆ ಎರಡೂ ಅರ್ಥ ಸರಿಯೆನ್ನುತ್ತಿದ್ದರೋ ಏನೋ.

ಇದನ್ನು ಬರೆದಾಗ ಕಿಮ್ ಸೂ ಹ್ಯುನ್ ಅವರಿಗೆ 65ರ ಆಸುಪಾಸು. (ಇದೇ ಹೆಸರಿನ ಯುವನಟನೊಬ್ಬ ಈಗ ಹೆಚ್ಚು ಪ್ರಸಿದ್ಧ. ಇವರು ಬೇರೆ, ಮಹಿಳೆ.) 1943ರಲ್ಲಿ ಚಿಯೊಂಗ್ಜು ಊರಿನಲ್ಲಿ ಹುಟ್ಟಿ, ಕೊರಿಯಾ ವಿಶ್ವವಿದ್ಯಾಲಯದಲ್ಲಿ ಕೊರಿಯನ್ ಸಾಹಿತ್ಯ ಓದಿದ ಅವರು 1968ರಲ್ಲಿ ಎಂಬಿಸಿ ಸಂಸ್ಥೆಯ ರೇಡಿಯೊ ನಾಟಕ ಸ್ಪರ್ಧೆಯಲ್ಲಿ ಗೆದ್ದು ಈ ವೃತ್ತಿಗೆ ಬಂದರು. ಎಪ್ಪತ್ತರ ದಶಕದಿಂದ ಕಿರುತೆರೆಗೆ ಬರೆದರು. ಸಿನಿಮಾ ನಿರ್ದೇಶಕನದು, ಧಾರಾವಾಹಿ ಲೇಖಕರದು ಎಂಬ ಮಾತು ಕೊರಿಯಾದಲ್ಲಿ ಇದೆ. ಅದು ನಿಜವಾಗುವುದಕ್ಕೆ ಇವರ ಪಾಲು ದೊಡ್ಡದು.

ಅವರ ಹೆಸರಾಂತ ಧಾರಾವಾಹಿಗಳಲ್ಲೊಂದು 1991ರ ನವೆಂಬರ್‌ನಲ್ಲಿ ಎಂಬಿಸಿಯಲ್ಲಿ ಆರಂಭವಾದ ‘ಪ್ರೀತಿ ಎಂದರೇನು’. ಕಥೆ ಸರಳ. ಗದರುವುದನ್ನೇ ಸಂಸಾರ ಎಂದುಕೊಂಡ ಯಜಮಾನನ ಮನೆಯ ಮಗ ದೇ ಬಾಲ್ ಹಾಗೂ ಹೆಣ್ಣುಮಕ್ಕಳ ಮಾತಿಗೂ ಬೆಲೆಯಿರುವ ಮನೆಯ ಹುಡುಗಿ ಜೀ ಊನ್ ಮದುವೆಯಾಗುತ್ತಾರೆ. ಬೀಗಿತ್ತಿಯರಿಬ್ಬರೂ ಹೈಸ್ಕೂಲಿನ ಸಹಪಾಠಿಗಳಾಗಿದ್ದವರು ಎಂಬುದು ಬಳಿಕ ತಿಳಿಯುತ್ತದೆ. ಒಂದೇ ಬೆಂಚಿನಿಂದ ಎದ್ದು ಹೋದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಗಂಡನೊಡನೆ ಸರಿಸಮ ಕುಳಿತು ಮಾತಾಡುತ್ತಾಳೆ, ಇನ್ನೊಬ್ಬಳು ಗಂಡನ ಹೆಜ್ಜೆ ಸದ್ದಿಗೆ ಬೆಚ್ಚುತ್ತಾಳೆ. ಸರಾಸರಿ ಶೇ 59.6 ಮನೆಗಳು ಇದನ್ನು ನೋಡಿದವು ಎನ್ನುತ್ತವೆ ಅಂದಿನ ವೀಕ್ಷಣೆಯ ಲೆಕ್ಕಗಳು. ‘ದೇ ಬಾಲ್‌ನ ಅಪ್ಪ’ ಎಂಬುದು ಜಬರ್ದಸ್ತಿನ ಗಂಡಸರಿಗೆಲ್ಲ ಅಡ್ಡಹೆಸರಾಯಿತು. ಆ ಪಾತ್ರ ಮಾಡಿದ ಲೀ ಸೂನ್ ಜೇ ಅವರು ಧಾರಾವಾಹಿ ನಡೆಯುತ್ತಿದ್ದಾಗಲೇ, 1992ರ ಮಾರ್ಚ್‌ನಲ್ಲಿ ಸಂಸತ್ತಿಗೆ ಆಯ್ಕೆಯಾದರು. ಮತದಾರರು ದೇ ಬಾಲ್‌ನ ಅಪ್ಪನನ್ನು ದ್ವೇಷಿಸುತ್ತಿರಲಿಲ್ಲ ಎಂದಾಯಿತು. ಲೇಖಕಿಯೂ ದ್ವೇಷಿಸಲಿಲ್ಲ. ಆತ ನಗೆಪಾಟಲಾಗುವಂತೆ ಮಾಡಿದರು, ಅಷ್ಟೇ.

ಆತನ ಹೆಂಡತಿಯಾಗಿ ಕಿಮ್ ಹ್ಯೇ ಜಾ ನಟಿಸಿದ್ದರು. ಗಂಡನಿಗೆ ಎದುರಾಡಲಾಗದ ಈ ಹೆಂಗಸು ‘ತಾತಾತಾ’ ಎಂಬ ಹಾಡನ್ನು ಕೇಳುತ್ತ ಕೂರುತ್ತಾಳೆ. ಅಲ್ಲಿಯವರೆಗೆ ಯಾರ ಕಿವಿಗೂ ಅಷ್ಟಾಗಿ ಬೀಳದ ಆ ಹಾಡು 1992ರಲ್ಲಿ ದೇಶವೆಲ್ಲ ಹಾಡುವಂತಾಯಿತು. ಹೆಸರು ನಮ್ಮ ಸಂಸ್ಕೃತದ್ದೇ. ಬೌದ್ಧರು ಬಳಸುವ ‘ತಥತಾ’, ಅಂದರೆ ಇರುವುದು ಇರುವಂತೆ. ಗಾಯಕ ಕಿಮ್ ಕುಕ್ ಹ್ವಾನ್ ಅವರ ಅದೃಷ್ಟವನ್ನು ಬದಲಿಸಿದ್ದು ಒಬ್ಬ ಗೃಹಿಣಿಯ ನಿಟ್ಟುಸಿರು.

ಈ ನಿಟ್ಟುಸಿರಿಗೆ ಕೊರಿಯಾದಲ್ಲಿ ವೈದ್ಯಕೀಯ ಹೆಸರೂ ಇದೆ. ವರ್ಷಗಟ್ಟಲೆ ನುಂಗಿಕೊಂಡ ಸಿಟ್ಟು ಎದೆಯುರಿ, ನಿದ್ರಾಹೀನತೆಗಳಾಗಿ ಕಾಡುವುದನ್ನು ಅವರು ‘ಹ್ವಾಬ್ಯಂಗ್’, ಅಂದರೆ ಬೆಂಕಿಯ ಕಾಯಿಲೆ ಎನ್ನುತ್ತಾರೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ ಇದನ್ನು ಹೆಸರಿಸಿತು. ಕಿಮ್ ಸೂ ಹ್ಯುನ್ ಮಾಡಿದ್ದು ಈ ಬೆಂಕಿಗೆ ಬಾಯಿ ಕೊಟ್ಟಿದ್ದು. ಅವರ ಹೆಂಗಸರು ತರಕಾರಿ ಹೆಚ್ಚುತ್ತಲೇ ಪಟಪಟನೆ ಉದ್ದುದ್ದ ಮಾತಾಡುತ್ತಾರೆ, ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರದು ಹಾಯುತ್ತದೆ. ಮನೆಯಲ್ಲಿ ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂದು ಹಿಂದೆ ಹೋದ ಮಾತನ್ನು ತೆರೆಯ ಮೇಲೆ ಇನ್ನೊಬ್ಬಳು ಆಡಿಬಿಟ್ಟಾಗ ಸಿಗುವ ಸಮಾಧಾನ ಸಣ್ಣದಲ್ಲ. ‘ಮಾತಿನ ಮಾಂತ್ರಿಕೆ’ ಎಂಬ ಬಿರುದು ಅವರಿಗೆ ಬಂದದ್ದು ಹೀಗೆ. ಆ ಮಾತಿನ ಬಗ್ಗೆ ಅವರಷ್ಟು ನಿಷ್ಠುರರೂ ಇಲ್ಲ. ನಟರು ಒಂದು ಪ್ರತ್ಯಯವನ್ನೂ ಬದಲಿಸುವಂತಿಲ್ಲ. ಓದಿನ ತಾಲೀಮಿಗೆ ತಾವೇ ಕೂತು ತಿದ್ದುವುದು ಅವರ ಪದ್ಧತಿ.

ಮಾತು ಮಾತ್ರ ಸಾಕಾಗದ ಸಂಗತಿಗಳೂ ಇದ್ದವು. 1978ರಲ್ಲಿ ಅವರ ‘ಯೌವನದ ಬೋನು’ ಮದುವೆಯಾಗದೆ ತಾಯಿಯಾದವಳ ಕಥೆ ಹೇಳಿತೆಂಬ ಆಕ್ಷೇಪಕ್ಕೆ ಸಿಲುಕಿ ಅರ್ಧಕ್ಕೇ ನಿಂತಿತು. ಅದೇ ಕಥೆಯನ್ನು 1999ರಲ್ಲಿ ಮತ್ತೆ ತೆರೆಗೆ ತಂದಾಗ ಜನ ಮುಗಿಬಿದ್ದು ನೋಡಿದರು. ನಡುವೆ ಬದಲಾಗಿದ್ದು ದೇಶ. 1991ರ ಜನವರಿಯಲ್ಲಿ ಹೊಸ ಕುಟುಂಬ ಕಾನೂನು ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು, ವಿಚ್ಛೇದನವಾದರೆ ಹೆಂಡತಿಗೆ ಸ್ವತ್ತಿನ ಹಂಚಿಕೆ ಕೇಳುವ ಹಕ್ಕು ಸಿಕ್ಕಿತ್ತು. ‘ಪ್ರೀತಿ ಎಂದರೇನು’ ಬಂದದ್ದು ಅದೇ ವರ್ಷ. ಗಂಡಸೇ ಮನೆಯ ಯಜಮಾನ, ಉಳಿದವರು ಅವನ ದಾಖಲೆಯಲ್ಲಿ ಬರುವವರು ಎನ್ನುವ ‘ಹೋಜು’ ಪದ್ಧತಿ ಪೂರ್ತಿ ಅಳಿದದ್ದು 2008ರ ಜನವರಿ 1ರಂದು. ಹಾನ್ ಜಾಳ ಧಾರಾವಾಹಿ ಶುರುವಾದದ್ದು ಮರುತಿಂಗಳು.

ಇದು ಕಾಕತಾಳೀಯವೇ ಇರಬಹುದು. ಆದರೆ ನಟವರ್ಗದ ಆಯ್ಕೆ ಹಾಗೆನ್ನಿಸುವುದಿಲ್ಲ. ಹಾನ್ ಜಾ ಆಗಿ ನಟಿಸಿ, ಆ ಪಾತ್ರಕ್ಕಾಗಿ 2009ರಲ್ಲಿ ಬೇಕ್ಸಾಂಗ್ ಮಹಾಪ್ರಶಸ್ತಿ ಪಡೆದವರು ಅದೇ ಕಿಮ್ ಹ್ಯೇ ಜಾ. ಮಾವನಾಗಿದ್ದವರು ಲೀ ಸೂನ್ ಜೇ. ಹದಿನಾರು ವರ್ಷದ ಹಿಂದೆ ಹೆಂಡತಿಯ ಬಾಯಿ ಮುಚ್ಚಿಸುತ್ತಿದ್ದ ಮುದುಕ ಈಗ ಸೊಸೆಯ ದಣಿವನ್ನು ಅರ್ಥ ಮಾಡಿಕೊಳ್ಳುತ್ತಾನೆ.

ಇಷ್ಟಾದರೂ ಅವರನ್ನು ಬಂಡಾಯಗಾರ್ತಿ ಎನ್ನುವುದು ಕಷ್ಟ. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆ, ಎಲ್ಲರೂ ಸುತ್ತ ಕೂರುವ ಊಟದ ಮೇಜು ಅವರಿಗೆ ಪ್ರಿಯ. ಗೋಡೆ ಕೆಡವುವುದಿಲ್ಲ, ಕಿಟಕಿ ಕೊರೆಯುತ್ತಾರೆ. 2010ರ ‘ಬದುಕು ಸುಂದರ’ದಲ್ಲಿ ಇಂಥದೇ ತುಂಬಿದ ಮನೆಯ ಮಗ ಸಲಿಂಗಪ್ರೇಮಿಯಾಗಿದ್ದ. ಪ್ರತಿಭಟಿಸಿ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿದವರಿದ್ದರು. ಧಾರಾವಾಹಿಯ ಅಪ್ಪ ಅಮ್ಮ ಮಾತ್ರ ಅತ್ತು, ಮಗನನ್ನು ತಬ್ಬಿಕೊಂಡರು.

ಕುಟುಂಬದ ಈ ಗುಟ್ಟು ಗಡಿಯಾಚೆಗೂ ತಿಳಿಯಿತು. 1997ರಲ್ಲಿ ಚೀನಾದ ಸರ್ಕಾರಿ ವಾಹಿನಿ ‘ಪ್ರೀತಿ ಎಂದರೇನು’ ಪ್ರಸಾರ ಮಾಡಿತು. ಇಂದು ನಮ್ಮ ಮಕ್ಕಳ ಮೊಬೈಲಿನವರೆಗೂ ಬಂದಿರುವ ಕೊರಿಯನ್ ಅಲೆಯ ಮೂಲ ಹುಡುಕುವವರು ಹಲವರು ಅಲ್ಲಿಗೇ ಹೋಗಿ ನಿಲ್ಲುತ್ತಾರೆ.

2016ರಲ್ಲಿ ಎಸ್‌ಬಿಎಸ್ ವಾಹಿನಿಗೆ ಅವರು ಮತ್ತೊಂದು ಮೂರು ತಲೆಮಾರಿನ ಸಂಸಾರ ಕಟ್ಟಿಕೊಟ್ಟರು. ಹೆಸರು ‘ಹೌದು, ಅದು ಹಾಗೇ’. ಹಳೆಯ ‘ತಥತಾ’ದ ಅರ್ಥವೇ ಇದು. ನೋಡುವವರು ಕಡಿಮೆಯಾಗಿ, 60 ಕಂತು ಎಂದಿದ್ದದ್ದು 54ಕ್ಕೆ ಮುಗಿಯಿತು. ಅದರ ಹಿಂದಿನ ವರ್ಷದ ಜನಗಣತಿಯಲ್ಲಿ ಕೊರಿಯಾದ ಮನೆಗಳಲ್ಲಿ ಅತಿ ಹೆಚ್ಚು ಕಂಡದ್ದು ಒಬ್ಬರೇ ವಾಸಿಸುವ ಮನೆ, ಶೇ 27.2. ಹಾನ್ ಜಾ ಜಗಳವಾಡಿ ಪಡೆದಂಥದೇ ಮನೆ.