ಮಾರಲಾಗದ ಕೋವಿ

ಕೊಡಗಿನ ಐನ್‌ಮನೆಗಳಲ್ಲಿ ಅಜ್ಜಂದಿರ ಕಾಲದ ಕೋವಿಗೆ ಯಾರೂ ಬೆಲೆ ಕಟ್ಟರು. ಕೈಲ್ ಮುಹೂರ್ತದಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಸಲ್ಲುವುದು; ಹುತ್ತರಿಯಲ್ಲಿ ಕದಿರು ತೆಗೆಯುವಾಗ ಅದರ ಧ್ವನಿಯೇ ಮಂಗಳವಾದ್ಯ; ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸುವುದೂ ಅದೇ ಧ್ವನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯು ನಿಷಿದ್ಧವಾದರೂ ಈ ಮಮತೆ ಕುಂದಿಲ್ಲವಾದುದರಿಂದ, ಅದರ ಬೇರು ಬೇಟೆಯಲ್ಲಿ ಮಾತ್ರವೇ ಇರಲಿಲ್ಲವೆಂಬುದು ಸ್ಪಷ್ಟ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ, 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇದನ್ನು ಹಕ್ಕೆನ್ನುವುದಕ್ಕಿಂತ ವಿಶ್ವಾಸವೆನ್ನುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ. ಪೂಜೆಗೊಂಡ ಕೋವಿಯು ಕಳ್ಳಬೇಟೆಗಾಗಲಿ ದಾಯಾದಿ ಕಲಹಕ್ಕಾಗಲಿ ಗೋಡೆಯಿಂದ ಇಳಿಯಬಾರದು. ಕೋವಿಯನ್ನು ಮಾರದವರು ಈ ವಿಶ್ವಾಸವನ್ನೂ ಕಳೆದುಕೊಳ್ಳದಿರಲಿ.