ಹಿಂದಿನ ಸಾಲಿನಲ್ಲಿ ಕೂರುವವರು ಯಾರು?

ನೌಬಾದದ ಓಣಿಯೊಂದಕ್ಕೆ ಹೊಸ ಗಾಡಿ ಬಂತೆನ್ನಿ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಪೇಡೆ ಹಂಚಿ ಮುಗಿಯುವ ಮೊದಲೇ ನೆರೆಯವರು ಕೇಳುವ ಪ್ರಶ್ನೆ ಒಂದೇ: ‘ಎಷ್ಟ್ ಮಂದಿ ಕೂಡ್ತಾರ್ರೀ ಇದ್ರಾಗ?’ ಬೆಲೆ, ಮೈಲೇಜು, ಬಣ್ಣದ ಮಾತು ಆಮೇಲಿನದು. ಶೋರೂಮಿನಲ್ಲಿ ಮಾತ್ರ ಈ ಪ್ರಶ್ನೆ ಎಲ್ಲೋ ಹಿಂದೆ ಸರಿದುಬಿಡುತ್ತದೆ. ಅಲ್ಲಿ ದೊಡ್ಡ ಪರದೆ, ತೆರೆಯುವ ಮಾಡು, ಅಗಲವಾದ ಗಾಲಿ, ಎಲ್ಲಕ್ಕಿಂತ ಮುಂದೆ ‘ಎಸ್‌ಯುವಿ’ ಎಂಬ ಮೂರಕ್ಷರ.

ಈ ಮೂರಕ್ಷರದ ಕಥೆ ವಿಚಿತ್ರವಾದದ್ದು. ಭಾಲ್ಕಿ, ಔರಾದ್, ಬೀದರ್ ರಸ್ತೆಗಳಲ್ಲಿ ನಾವು ಎಸ್‌ಯುವಿ ಎಂದು ಕರೆಯುವ ಗಾಡಿಗಳಲ್ಲಿ ಬಹುಪಾಲು, ಸರ್ಕಾರದ ತೆರಿಗೆ ಲೆಕ್ಕದಲ್ಲಿ ಎಸ್‌ಯುವಿಗಳೇ ಆಗಿರಲಿಲ್ಲ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ತನ್ನ 50ನೇ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿತು. ಹೆಚ್ಚಿನ ಸೆಸ್ ಬೀಳಬೇಕಾದರೆ ಗಾಡಿಯ ಉದ್ದ 4 ಮೀಟರ್ ದಾಟಿರಬೇಕು, ಎಂಜಿನ್ 1500 ಸಿಸಿ ಮೀರಿರಬೇಕು, ಖಾಲಿ ಇದ್ದಾಗ ನೆಲದಿಂದ ಕನಿಷ್ಠ 170 ಮಿಲಿಮೀಟರ್ ಎತ್ತರದಲ್ಲಿರಬೇಕು. ಮೂರೂ ಒಟ್ಟಿಗೆ ಇರಬೇಕು. 3995 ಮಿ.ಮೀ. ಉದ್ದದ ನೆಕ್ಸಾನ್ ಮೊದಲ ಷರತ್ತಿನಲ್ಲೇ ಹೊರಗೆ. 4.3 ಮೀಟರ್ ಉದ್ದದ ಕ್ರೆಟಾ, ಎಂಜಿನ್ 1500 ಸಿಸಿಯ ಒಳಗಿರುವುದರಿಂದ ಎರಡನೆಯ ಷರತ್ತಿನಲ್ಲಿ ಹೊರಗೆ. ಹಾಗಾದರೆ ಎಸ್‌ಯುವಿ ಎನ್ನುವುದೇನು? ಅದಕ್ಕೂ ಮುಂಚಿನ ತೆರಿಗೆ ಪಟ್ಟಿಯಲ್ಲಿದ್ದ ಮಾತು ಇನ್ನೂ ಸ್ವಾರಸ್ಯಕರ. ‘ಜನರು ಸಾಮಾನ್ಯವಾಗಿ ಎಸ್‌ಯುವಿ ಎಂದು ಕರೆಯುವ ವಾಹನಗಳು’ ಎಂಬರ್ಥದಲ್ಲಿ ಅಲ್ಲಿ ಬರೆಯಲಾಗಿತ್ತು. ಕಾನೂನೇ ಕೈಚೆಲ್ಲಿ ಜನರ ಬಾಯಿಗೆ ಬಿಟ್ಟ ಹೆಸರು ಇದು.

ಈ ಭಾಗದ ಜನಕ್ಕೆ ಎತ್ತರದ, ಗಟ್ಟಿಮುಟ್ಟಾದ ಗಾಡಿ ಹೊಸದಲ್ಲ. ಹೆಸರು ಮಾತ್ರ ಹೊಸದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ವಿಲ್ಲೀಸ್ ಕಂಪನಿಯ ಬಿಡಿಭಾಗಗಳನ್ನು ತರಿಸಿ ಮಹೀಂದ್ರ ಇಲ್ಲಿ ಜೀಪು ಜೋಡಿಸತೊಡಗಿತು. ಸರ್ಕಾರಿ ಕಚೇರಿ, ಪೊಲೀಸು, ಚುನಾವಣೆ ಪ್ರಚಾರ ಎಲ್ಲಕ್ಕೂ ಜೀಪೇ ಗತಿಯಾಗಿದ್ದ ಕಾಲ ಒಂದಿತ್ತು. ಆಮೇಲೆ ಟ್ರ್ಯಾಕ್ಸ್ ಬಂತು. ಅದರ ಉದ್ದನೆಯ ತಮ್ಮ ‘ಕ್ರೂಸರ್’ ಉತ್ತರ ಕರ್ನಾಟಕದ ಮಟ್ಟಿಗೆ ವಾಹನದ ಹೆಸರಾಗಿ ಉಳಿಯದೆ ಒಂದು ಸಾರಿಗೆ ವ್ಯವಸ್ಥೆಯೇ ಆಯಿತು. ನಿಶ್ಚಿತಾರ್ಥಕ್ಕೆ ಕ್ರೂಸರ್, ತುಳಜಾಪುರಕ್ಕೆ ಕ್ರೂಸರ್, ಖಾನಾಪುರದ ಮೈಲಾರ ಮಲ್ಲಣ್ಣನ ದರ್ಶನಕ್ಕೆ ಕ್ರೂಸರ್.

1994ರಲ್ಲಿ ಬಂದ ಟಾಟಾ ಸುಮೊ ಈ ಓಟಕ್ಕೆ ಸ್ವಲ್ಪ ಗೌರವದ ಉಡುಪು ತೊಡಿಸಿತು. ಅದರ ಹೆಸರು ಜಪಾನಿನ ಕುಸ್ತಿಯಿಂದ ಬಂದದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ಟೆಲ್ಕೊ ಕಂಪನಿಯನ್ನು ಕಟ್ಟಿದ ಸುಮಂತ್ ಮೂಳಗಾಂವ್‌ಕರ್ ಅವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. 2000ದಲ್ಲಿ ಬೆಂಗಳೂರಿನ ಹೊರವಲಯದ ಬಿಡದಿಯಿಂದ ಟೊಯೊಟಾ ಕ್ವಾಲಿಸ್ ಹೊರಬಿತ್ತು. 2005ರಲ್ಲಿ ಅದೇ ಕಾರ್ಖಾನೆಯ ಇನ್ನೋವಾ ಅದರ ಜಾಗ ಹಿಡಿಯಿತು. ಬೊಲೆರೊ 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ ಬಂದವು. ಈ ಎಲ್ಲ ಗಾಡಿಗಳಿಗೂ ಸಮಾನವಾದ ಗುಣ ಒಂದಿತ್ತು. ಇವು ಮೊದಲು ಮಂದಿಯನ್ನು ಲೆಕ್ಕ ಹಾಕಿ, ಆಮೇಲೆ ಅಂದ ನೋಡಿಕೊಂಡ ಗಾಡಿಗಳು.

ಲೆಕ್ಕ ತಲೆಕೆಳಗಾದದ್ದು ತೆರಿಗೆಯಿಂದ. 2006ರ ಕೇಂದ್ರ ಬಜೆಟ್ಟು 4 ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮಿತಿ. ಉದ್ದೇಶ ಮಾರುತಿಯಂಥ ಸಣ್ಣ ಕಾರು ಅಗ್ಗವಾಗಲಿ ಎಂಬುದು. ಆದರೆ ಗೆರೆ ಎಳೆದಲ್ಲಿ ಗೆರೆಯ ಪಕ್ಕಕ್ಕೇ ಬಂದು ನಿಲ್ಲುವವರು ಇದ್ದೇ ಇರುತ್ತಾರೆ. ಮಹೀಂದ್ರ 2012ರಲ್ಲಿ ತನ್ನ ಉದ್ದನೆಯ ಝೈಲೊದ ಹಿಂಭಾಗವನ್ನು ಕತ್ತರಿಸಿದಂತೆ ಮೊಟಕು ಮಾಡಿ ‘ಕ್ವಾಂಟೊ’ ತಂದಿತು. ಮರುವರ್ಷ ಫೋರ್ಡ್ ಇಕೋಸ್ಪೋರ್ಟ್ ಬಂತು, 2016ರಲ್ಲಿ ಬ್ರೆಝಾ, 2017ರಲ್ಲಿ ನೆಕ್ಸಾನ್. ನಮ್ಮ ಹಳ್ಳಿಗಳ ಬೊಲೆರೊ ಕೂಡ ಈ ಕತ್ತರಿಗೆ ಸಿಕ್ಕಿತು. 2016ರಲ್ಲಿ ಅದನ್ನು 3995 ಮಿ.ಮೀ.ಗೆ ಇಳಿಸಿ, 2.5 ಲೀಟರಿನ ಎಂಜಿನ್ ಬದಲು ಒಂದೂವರೆ ಲೀಟರಿನದನ್ನು ಕೂರಿಸಿದರು. ಹೊರಗಿನಿಂದ ನೋಡಿದರೆ ಅದೇ ಪೆಟ್ಟಿಗೆ ಮೈಕಟ್ಟು. ಕಾಗದದಲ್ಲಿ ಮಾತ್ರ ಸಣ್ಣ ಕಾರು!

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಮತ್ತೆ ಬದಲಾದವು. ಅದಕ್ಕೂ ಮುಂಚೆ ದೊಡ್ಡ ಎಸ್‌ಯುವಿಗಳ ಮೇಲೆ 28 ಮತ್ತು ಸೆಸ್ 22, ಒಟ್ಟು ಶೇ 50 ಬೀಳುತ್ತಿತ್ತು. ಈಗ ಸೆಸ್ ಇಲ್ಲ. ಸಣ್ಣ ಕಾರಿಗೆ ಶೇ 18, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ 40. ಸಣ್ಣದೆನ್ನಿಸಿಕೊಳ್ಳಲು ಅದೇ 4 ಮೀಟರ್, ಅದೇ 1200 ಮತ್ತು 1500 ಸಿಸಿಯ ಮಿತಿ. ಕೊಳ್ಳುವವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಉದ್ದ 4 ಮೀಟರ್ ಒಳಗಿದ್ದ ಮಾತ್ರಕ್ಕೆ ಶೇ 18 ಸಿಗುವುದಿಲ್ಲ. ಬ್ರೆಝಾ ಮತ್ತು ನೆಕ್ಸಾನ್ ಎರಡರ ಉದ್ದವೂ 3995 ಮಿ.ಮೀ. ಆದರೆ ಬ್ರೆಝಾದ ಪೆಟ್ರೋಲ್ ಎಂಜಿನ್ 1462 ಸಿಸಿ. ಅದಕ್ಕೆ ಶೇ 40. ನೆಕ್ಸಾನಿನದು 1199 ಸಿಸಿ. ಅದಕ್ಕೆ ಶೇ 18. ಒಂದೇ ಅಳತೆಯ ಎರಡು ಗಾಡಿಗಳ ನಡುವೆ ಸರ್ಕಾರ ಇಷ್ಟು ಅಂತರ ಇಟ್ಟಿದೆ. ರಾಜ್ಯದ ಆಜೀವ ತೆರಿಗೆ ಬೇರೆ. ದೇಶದಲ್ಲೇ ಅತಿ ಹೆಚ್ಚಿನ ದರಗಳಲ್ಲಿ ಕರ್ನಾಟಕದ್ದೂ ಒಂದು. ಗಾಡಿಯ ಬೆಲೆ 10 ಲಕ್ಷ ದಾಟಿತೆಂದರೆ ದರ ಶೇ 14ರಿಂದ 17ಕ್ಕೆ ಜಿಗಿಯುತ್ತದೆ, ಅದೂ ದಾಟಿದ ಭಾಗಕ್ಕಲ್ಲ, ಇಡೀ ಬೆಲೆಗೆ. ಹತ್ತು ಲಕ್ಷದ ಆಸುಪಾಸಿನ ಗಾಡಿಗೆ ಇಪ್ಪತ್ತು ಸಾವಿರದ ಅಲಂಕಾರ ಸೇರಿಸುವ ಮೊದಲು ‘ಆನ್‌ರೋಡ್’ ಬೆಲೆ ಎರಡು ಸಲ ಕೇಳುವುದು ಒಳ್ಳೆಯದು.

ಇದರಿಂದ ಮನೆಮಂದಿಗೆ ಆದದ್ದೇನು? ನಾಲ್ಕು ಮೀಟರಿನ ಪೆಟ್ಟಿಗೆಯಲ್ಲಿ ಎಂಜಿನ್ನು, ಚಾಲಕ, ಹಿಂದೆ ಮೂವರು, ಡಿಕ್ಕಿ. ಅಲ್ಲಿಗೆ ಜಾಗ ಮುಗಿಯಿತು. ಮೂರನೇ ಸಾಲು ಹೋಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಇದು ಸಾಕು. ಅಜ್ಜ, ಅಜ್ಜಿ, ಅತ್ತೆ ಸೇರಿದರೆ ಸಾಲದು. ಬೀದರ್ ಕಡೆಯ ಕುಟುಂಬಕ್ಕೆ ಗಾಡಿ ಬೇಕಾಗುವುದು ದಿನವೂ ಕಚೇರಿಗೆ ಹೋಗಿಬರಲು ಮಾತ್ರವಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ, ಪಂಢರಪುರಕ್ಕೆ, ಉದಗೀರದ ಮದುವೆಗೆ, ಮತ್ತು ಯಾರೂ ಬಯಸದ ಆ ರಾತ್ರಿಯಲ್ಲಿ ಹೈದರಾಬಾದಿನ ಆಸ್ಪತ್ರೆಗೆ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಔರಾದಿನ ಹಳ್ಳಿಯವರಿಗೆ ಅದಕ್ಕಿಂತ ಹೆಚ್ಚು.

ಏಳು ಸೀಟು ಎಂದು ಬರೆದಿದ್ದರೂ ಅದನ್ನು ಕಣ್ಣಾರೆ ನೋಡಿಯೇ ನಂಬಬೇಕು. ರೆನೊ ಟ್ರೈಬರ್ 3990 ಮಿ.ಮೀ.ನಲ್ಲಿ ಏಳು ಮಂದಿಯನ್ನು ಕೂರಿಸುವ ಜಾಣ ಗಾಡಿ. ಆದರೆ ಮೂರನೇ ಸಾಲು ತುಂಬಿದಾಗ ಅದರ ಡಿಕ್ಕಿ 84 ಲೀಟರ್. ಒಂದೆರಡು ಕೈಚೀಲ ಹಿಡಿದರೆ ಹೆಚ್ಚು. ಆ ಸೀಟು ಕಿತ್ತಿಟ್ಟರೆ 625 ಲೀಟರ್. ಅಂದರೆ ಮಂದಿ ಇಲ್ಲವೇ ಸಾಮಾನು, ಎರಡರಲ್ಲಿ ಒಂದು. ಬೊಲೆರೊದ ಹಿಂದಿನ ಎರಡು ಸೀಟು ಎದುರುಬದುರು ಇವೆ. ಅಡ್ಡಕ್ಕೆ ಮುಖ ಮಾಡಿ ಕೂರಬೇಕು. ಹೊಲಕ್ಕೆ ಹೋಗಲು ಅಡ್ಡಿಯಿಲ್ಲ, ಇನ್ನೂರು ಕಿಲೋಮೀಟರಿನ ಹೆದ್ದಾರಿಗೆ ನಾನಂತೂ ಒಪ್ಪಲಾರೆ. ಎಸ್‌ಯುವಿ ಎಂಬ ಹಣೆಪಟ್ಟಿ ಇಲ್ಲದ ಎರ್ಟಿಗಾ, ಕ್ಯಾರೆನ್ಸ್‌ಗಳು ಈ ಒಂದು ವಿಷಯದಲ್ಲಿ ಎಷ್ಟೋ ದುಬಾರಿ ಎಸ್‌ಯುವಿಗಳಿಗಿಂತ ಮೇಲು. ಶೋರೂಮಿಗೆ ಹೋಗುವಾಗ ಮನೆಯ ಹಿರಿಯರನ್ನು ಕರೆದೊಯ್ದು ಮೂರನೇ ಸಾಲಿಗೆ ಹತ್ತಿಸಿ, ಇಳಿಸಿ ನೋಡಬೇಕು. ಮಂಡಿನೋವಿನ ಅಜ್ಜಿ ಹತ್ತಲಾರದ ಎತ್ತರ, ಎಷ್ಟು ಗಂಭೀರವಾಗಿ ಕಂಡರೂ ಮನೆಗೆ ಒಗ್ಗದ ಎತ್ತರ.

ಎತ್ತರದ ಮಾತು ಬಂದಾಗ ನಮ್ಮ ನೆಲದ ಮಾತೂ ಬರಬೇಕು. ನೌಬಾದ ಇರುವುದು ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದಲ್ಲಿ. ಬಹಮನಿ ಕಾಲದ ಸುರಂಗ ಬಾವಿಯನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ಮಳೆ ಬಂದರೂ ಇಲ್ಲಿಯ ನೆಲ ಬೇಗ ನೀರು ಇಂಗಿಸಿಕೊಂಡು ಗಟ್ಟಿಯಾಗುತ್ತದೆ. ಇಳಿಜಾರು ಇಳಿದು ಭಾಲ್ಕಿ, ಔರಾದಿನ ಕಡೆ ಹೊರಟರೆ ಮಾಂಜ್ರಾ ನದಿಯ ಎರೆಭೂಮಿ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣು ಅದು. ಅದರ ಮೇಲೆ ಹಾಕಿದ ಡಾಂಬರು ಎರಡು ಮಳೆಗಾಲದಲ್ಲಿ ಅಲೆಅಲೆಯಾಗುವುದು ಗುತ್ತಿಗೆದಾರನ ತಪ್ಪಿನಿಂದ ಮಾತ್ರವಲ್ಲ, ಮಣ್ಣಿನ ಗುಣದಿಂದ ಕೂಡ. ಇಲ್ಲಿ ನೆಲದಿಂದ ಎತ್ತರ ಇರುವ ಗಾಡಿ ಶೋಕಿಯಲ್ಲ, ಅಗತ್ಯ. ಆದರೆ ಪುಸ್ತಿಕೆಯಲ್ಲಿ ಬರೆದ ಎತ್ತರ ಸಾಮಾನ್ಯವಾಗಿ ಖಾಲಿ ಗಾಡಿಯದು. ಏಳು ಮಂದಿ ಎಂದರೆ ನಾಲ್ಕೂವರೆ ಕ್ವಿಂಟಲ್ ಭಾರ. ಕುಳಿತ ಮೇಲೆ ಹಂಪಿನ ಮೇಲೆ ಹೊಟ್ಟೆ ಉಜ್ಜುವುದೋ ಇಲ್ಲವೋ ನೋಡಬೇಕು.

ಎತ್ತರವಿದ್ದ ಮಾತ್ರಕ್ಕೆ ಕೆಸರು ದಾಟುತ್ತದೆಂದು ತಿಳಿಯುವುದೂ ತಪ್ಪು. ಈಗಿನ ಬಹುಪಾಲು ಎಸ್‌ಯುವಿಗಳಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ಹಿಂದೆ ಭಾರ ತುಂಬಿ, ಮುಂದೆ ಹಗುರವಾಗಿ, ಶ್ರಾವಣದ ಎರೆ ಹೊಲದ ದಾರಿಗೆ ಇಳಿದರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು. 1998ರ ಹಳೆಯ ಸಫಾರಿಗೂ 2021ರ ಹೊಸ ಸಫಾರಿಗೂ ಹೆಸರು ಒಂದೇ. ಹಳೆಯದು ಲಾರಿಯಂತೆ ಉಕ್ಕಿನ ಚಾಸಿಸ್ ಮೇಲೆ ಮೈ ಕೂರಿಸಿದ, ಹಿಂದಿನ ಗಾಲಿ ತಳ್ಳುವ ಗಾಡಿ. ಹೊಸದು ಕಾರಿನಂತೆ ಮೈಯೇ ಚೌಕಟ್ಟಾದ, ಮುಂದಿನ ಗಾಲಿ ಎಳೆಯುವ ಗಾಡಿ. ಇನ್ನೋವಾ ಹೈಕ್ರಾಸ್ ಕೂಡ 2022ರಲ್ಲಿ ಈ ದಾರಿ ಹಿಡಿಯಿತು. ಹೊಸ ಬಗೆಯದು ಹೆದ್ದಾರಿಯಲ್ಲಿ ಸುಖ, ಕುಲುಕಾಟ ಕಡಿಮೆ. ಚಾಸಿಸ್ ಗಾಡಿಗಳಾದ ಸ್ಕಾರ್ಪಿಯೊ, ಬೊಲೆರೊ, ಕ್ರಿಸ್ಟಾಗಳು ಕೆಟ್ಟ ದಾರಿಯಲ್ಲಿ ಬಾಳಿಕೆಗೆ ಹೆಸರಾದವು. ಹೊಲ ಊರಿನಲ್ಲಿದ್ದು ಮನೆ ನೌಬಾದದಲ್ಲಿರುವವರು ವರ್ಷದಲ್ಲಿ ಎಷ್ಟು ದಿನ ಹೊಲಕ್ಕೆ, ಎಷ್ಟು ದಿನ ಹೈದರಾಬಾದ್ ರಸ್ತೆಗೆ ಎಂದು ಪ್ರಾಮಾಣಿಕವಾಗಿ ಎಣಿಸಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ.

ಡೀಸೆಲೋ ಪೆಟ್ರೋಲೋ ಎಂಬುದಕ್ಕೂ ಇದೇ ಎಣಿಕೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಗಾಡಿ ಆಗಾಗ ಒಂದಷ್ಟು ಹೊತ್ತು ವೇಗವಾಗಿ ಓಡಬೇಕು. ದಿನವೂ ನೌಬಾದದಿಂದ ಶಾಲೆಗೆ, ಮಾರುಕಟ್ಟೆಗೆ ಮಾತ್ರ ಓಡುವ ಡೀಸೆಲ್ ಗಾಡಿಯಲ್ಲಿ ಜಾಲರಿ ಕಟ್ಟಿಕೊಂಡು ಖರ್ಚಿಗೆ ದಾರಿಯಾಗುತ್ತದೆ.

ಸುರಕ್ಷತೆಯ ಬಗ್ಗೆ ಮೊದಲಿಗಿಂತ ಈಗ ಹೆಚ್ಚು ತಿಳಿಯಲು ಸಾಧ್ಯ. 2023ರ ಅಕ್ಟೋಬರ್ 1ರಿಂದ ‘ಭಾರತ್ ಎನ್‌ಕ್ಯಾಪ್’ ಎಂಬ ನಮ್ಮದೇ ಡಿಕ್ಕಿ ಪರೀಕ್ಷೆ ಜಾರಿಗೆ ಬಂದಿದೆ. ಗಾಡಿಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಡಿಕ್ಕಿ ಹೊಡೆಸಿ, ದೊಡ್ಡವರಿಗೆ ಎಷ್ಟು ರಕ್ಷಣೆ, ಮಕ್ಕಳಿಗೆ ಎಷ್ಟು ಎಂದು ಬೇರೆ ಬೇರೆ ನಕ್ಷತ್ರ ಕೊಡುತ್ತಾರೆ. ದೊಡ್ಡ ಗಾಡಿ ಎಂದರೆ ಭದ್ರ ಎಂಬ ನಮ್ಮ ನಂಬಿಕೆಗೆ ಈ ನಕ್ಷತ್ರಗಳು ಯಾವಾಗಲೂ ಒಪ್ಪಿಗೆ ಕೊಡುವುದಿಲ್ಲ. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸ್ಕಾರ್ಪಿಯೊ-ಎನ್ 5 ನಕ್ಷತ್ರ ಪಡೆಯಿತು. 2024ರಲ್ಲಿ ಅದೇ ಕಂಪನಿಯ ಬೊಲೆರೊ ನಿಯೊ 1 ನಕ್ಷತ್ರ. ಎತ್ತರದ ಗಾಡಿ ತಿರುವಿನಲ್ಲಿ ಮಗುಚುವ ಸಂಭವವೂ ಹೆಚ್ಚು. ಹಿಂದೆ ಕೂತವರು ಬೆಲ್ಟ್ ಕಟ್ಟದಿದ್ದರೆ ನಕ್ಷತ್ರಗಳಿಗೆ ಅರ್ಥವೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ.

ಕೊನೆಗೆ ವಿಮೆ. ಶೋರೂಮಿನಲ್ಲಿ ಇದರ ಬಗ್ಗೆ ಐದು ನಿಮಿಷವೂ ಮಾತಾಡುವುದಿಲ್ಲ, ಸಹಿ ಮಾತ್ರ ಹಾಕಿಸುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಗಾಡಿಯ ಹಾನಿಯ ವಿಮೆಯನ್ನು ಒಂದೇ ವರ್ಷಕ್ಕೆ ಮಾಡಿಸಬಹುದು. ಎರಡನೇ ವರ್ಷ ಅದನ್ನು ನವೀಕರಿಸದೆ ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ಸುಮ್ಮನಿರುವವರು ಬಹಳ. ಥರ್ಡ್ ಪಾರ್ಟಿ ಮಾತ್ರ ಇದ್ದಾಗ ದಾರಿಹೋಕನಿಗೆ ಪರಿಹಾರ ಸಿಗುತ್ತದೆ, ಸ್ವಂತ ಕಾರಿನೊಳಗೆ ಕೂತ ಅತ್ತೆಗೆ, ಸೋದರಮಾವನಿಗೆ ಸಿಗುವುದಿಲ್ಲ. ಪೂರ್ಣ ವಿಮೆ ಇದ್ದರೂ ಆರ್‌ಸಿ ಪುಸ್ತಕದಲ್ಲಿ ಬರೆದ ಸೀಟಿಗಿಂತ ಹೆಚ್ಚು ಮಂದಿ ಇದ್ದರೆ ತೊಡಕು. ಮಂದಿ ಕಿಕ್ಕಿರಿದಿದ್ದ ಬಸ್ಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದ್ದು ಇದನ್ನೇ: ವಿಮಾ ಕಂಪನಿ ಹೊಣೆ ಹೊರುವುದು ಅನುಮತಿ ಇದ್ದಷ್ಟು ಮಂದಿಯ ಮಟ್ಟಿಗೆ, ಉಳಿದ ಪರಿಹಾರ ಗಾಡಿಯ ಮಾಲೀಕನ ತಲೆಗೆ. ಆರ್‌ಸಿಯಲ್ಲಿ ಎಸ್‌ಯುವಿ ಎಂಬ ಪದಕ್ಕೆ ಜಾಗವಿಲ್ಲ, ಅಲ್ಲಿ ‘ಮೋಟಾರ್ ಕಾರು’ ಎಂದಷ್ಟೇ ಇರುತ್ತದೆ. ಆಸನಗಳ ಸಂಖ್ಯೆಗೆ ಮಾತ್ರ ಒಂದು ಕಾಲಂ ಇದೆ. ಬೀದರಿನ ಕೆಎ 38 ಆಗಲಿ, ಭಾಲ್ಕಿಯ ಕೆಎ 39 ಆಗಲಿ, ಗಾಡಿ ಕೊಳ್ಳುವ ಮೊದಲು ಮನೆಯಲ್ಲಿ ಎಣಿಸಬೇಕಾದದ್ದು ಆ ಕಾಲಂಗೆ.