ಕ್ಲಚ್ ಯಾಕೆ ಕೈಕೊಡ್ತು? ಒಂದು ಟೀ ಚಮಚ ಆಯಿಲ್‌ನ ಲೆಕ್ಕ

ಇವತ್ತು ಕ್ಲಚ್ ಬಗ್ಗೆ ಮಾತಾಡೋಣ. ಸಿಗ್ನಲ್‌ನಲ್ಲಿ ಎಡಗಾಲು ನೋಯಿಸೋ ಕ್ಲಚ್ ಅಲ್ಲ, ಟ್ರ್ಯಾಕ್ ಮೇಲೆ ಕೈಕೊಟ್ಟ ಕ್ಲಚ್. ನಮ್ಮದೇ ಕಾರಿನದ್ದು.

ನಾವು ಮೂರು ಜನ ಫ್ರೆಂಡ್ಸ್. ವಾರವಿಡೀ ಆಫೀಸು, ಶನಿವಾರ ಬಂತಂದ್ರೆ ಚಾಮರಾಜಪೇಟೆಯ ಒಂದು ಸಣ್ಣ ಶೆಡ್ಡು. ಅದರೊಳಗೆ ಒಂದು ಹಳೇ ಸೆಡಾನ್, ಹಿಂದಿನ ಸೀಟು ಕಿತ್ತು ರೋಲ್ ಕೇಜ್ ಹಾಕಿದ್ದೀವಿ. ಜೆ.ಸಿ. ರಸ್ತೆ ಹತ್ತಿರ ಇರೋದ್ರಿಂದ ಸ್ಪೇರ್ ಪಾರ್ಟ್ಸ್‌ಗೆ ಬರ ಇಲ್ಲ. ಇದರಿಂದ ಒಂದು ಕೆಟ್ಟ ಅಭ್ಯಾಸವೂ ಬಂದಿದೆ. ಏನಾದ್ರೂ ಕೆಟ್ರೆ ಮೊದಲು ಪಾರ್ಟ್ ಬದಲಾಯಿಸ್ತೀವಿ, ಆಮೇಲೆ ಯೋಚಿಸ್ತೀವಿ.

ಆಗಿದ್ದು ಇಷ್ಟು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್, ಒಂದು ಸುತ್ತು 3.7 ಕಿ.ಮೀ. ಐದು ಸುತ್ತು ಚೆನ್ನಾಗಿ ಓಡ್ತು. ಆರನೇ ಸುತ್ತಲ್ಲಿ ಪೆಡಲ್ ಮೆತ್ತಗಾಯ್ತು, ಗೇರ್ ಹಾಕೋಕೆ ಹೋದ್ರೆ ಕರ್ರ್ ಅಂತ ಸದ್ದು. ಪಿಟ್‌ಗೆ ತಂದು ಅರ್ಧ ಗಂಟೆ ನಿಲ್ಲಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸರಿಹೋಯ್ತು! ಬೆಂಗಳೂರಿಗೆ ತಂದು ನೋಡಿದ್ರೂ ಪೆಡಲ್ ಗಟ್ಟಿ.

ಗೇರ್‌ಬಾಕ್ಸ್ ಇಳಿಸಿದ್ವಿ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಎಲ್ಲ ಹೊಸದು. ನನ್ನ ಒಂದು ತಿಂಗಳ ಸಂಬಳ ಅಲ್ಲಿಗೆ ಹೋಯ್ತು. (ಅಮ್ಮ ಈ ಎಪಿಸೋಡ್ ಕೇಳಲ್ಲ ಅಂದ್ಕೊಂಡಿದ್ದೀನಿ.) ಮುಂದಿನ ಸಲ ಅದೇ ಆರನೇ ಸುತ್ತು, ಅದೇ ಕರ್ರ್.

ಪಕ್ಕದ ಗ್ಯಾರೇಜ್‌ನಲ್ಲಿ ಒಬ್ರು ಮೇಸ್ತ್ರಿ, ವಯಸ್ಸು ಎಪ್ಪತ್ತು ದಾಟಿದೆ. ಕಥೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ರು: "ಪೆಡಲ್ ಒತ್ತಿದಾಗ ಕೆಳಗಡೆ ರಾಡ್ ಎಷ್ಟು ಮುಂದೆ ಹೋಗುತ್ತೆ ಅಂತ ಅಳೆದ್ರೇನಪ್ಪಾ?" ಅಳೆದಿರಲಿಲ್ಲ.

ಹೈಡ್ರಾಲಿಕ್ ಕ್ಲಚ್‌ನಲ್ಲಿ ಕೇಬಲ್ ಇರಲ್ಲ. ಪೆಡಲ್ ಹತ್ರ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಹತ್ರ ಸ್ಲೇವ್ ಸಿಲಿಂಡರ್, ಮಧ್ಯದ ಪೈಪ್ ತುಂಬ ಬ್ರೇಕ್ ಆಯಿಲ್. ಆಯಿಲ್ ಕುಗ್ಗಲ್ಲ, ಇಲ್ಲಿ ತಳ್ಳಿದ್ರೆ ಅಲ್ಲಿ ರಾಡ್ ಹೊರಗೆ ಬರಲೇಬೇಕು. ಈಗ ಲೆಕ್ಕ ನೋಡಿ. ಮಾಸ್ಟರ್ ಒಳಗಿನ ಅಗಲ 5/8 ಇಂಚು. ಅದರ ಪಿಸ್ಟನ್ 25 ಮಿ.ಮೀ. ಹೋದ್ರೆ ಹೊರಡೋ ಆಯಿಲ್ ಸುಮಾರು 5 ಎಂ.ಎಲ್. ಒಂದು ಟೀ ಚಮಚ, ಅಷ್ಟೇ! 3/4 ಇಂಚಿನ ಸ್ಲೇವ್‌ನಲ್ಲಿ ಆ ಚಮಚ ರಾಡನ್ನ 17 ಮಿ.ಮೀ. ದೂಡುತ್ತೆ. ಅದರಲ್ಲಿ 1 ಎಂ.ಎಲ್. ಕಮ್ಮಿ ಆದ್ರೆ ಮೂರೂವರೆ ಮಿ.ಮೀ. ಹೋಯ್ತು. ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಕಿರುಚುತ್ತೆ.

ಹಾಗಾಗಿ ಮೊದಲು ಬೇಕಾಗಿರೋದು ಸ್ಕೇಲು. ರಾಡ್ ಪೂರ್ತಿ ಹೋಗ್ತಿದ್ದೂ ಗೇರ್ ಕಿರುಚಿದ್ರೆ ಆಗ ಗೇರ್‌ಬಾಕ್ಸ್ ಇಳಿಸಿ. ರಾಡೇ ಕಮ್ಮಿ ಹೋಗ್ತಿದ್ರೆ ಪ್ಲೇಟ್ ಮುಟ್ಟೋಕೆ ಹೋಗ್ಬೇಡಿ. ನಮ್ಮದು ತಣ್ಣಗಿದ್ದಾಗ 17, ಆರು ಸುತ್ತು ಓಡಿಸಿ ಪಿಟ್‌ಗೆ ಬಂದ ತಕ್ಷಣ 11.

ಸರಿ, ಚಮಚದಲ್ಲಿದ್ದ ಆಯಿಲ್ ಎಲ್ಲಿ ಹೋಗ್ತಿತ್ತು? ಲೀಕ್ ಆಗಿದ್ರೆ ಬಾಟ್ಲಿಯಲ್ಲಿ ಮಟ್ಟ ಇಳೀಬೇಕು, ಇಳಿದಿರಲಿಲ್ಲ. ಮಾಸ್ಟರ್ ಒಳಗಿನ ರಬ್ಬರ್ ಸೀಲ್ ಸವೆದಿದ್ರೆ ಹೊರಗೆ ಒಂದು ಹನಿಯೂ ಕಾಣಲ್ಲ. ಆದ್ರೆ ಪೆಡಲ್ ಒತ್ತಿ ಒಂದು ನಿಮಿಷ ಹಿಡಿದ್ರೆ ರಾಡ್ ನಿಧಾನಕ್ಕೆ ಹಿಂದೆ ಸರಿಯುತ್ತೆ. ನಮ್ಮದು ಸರೀಲಿಲ್ಲ. ಪೈಪ್‌ನಲ್ಲಿ ಗಾಳಿ ಸೇರಿದ್ರೆ, ತಣ್ಣಗಾದ ಮಾತ್ರಕ್ಕೆ ಅದು ಹೋಗಲ್ಲ. ಬಿಸಿಯಲ್ಲಿ ಬಂದು ತಂಪಲ್ಲಿ ಮಾಯ ಆಗೋದು ಆವಿ. ಅಂದ್ರೆ ಆಯಿಲ್ ಕುದೀತಿತ್ತು.

ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಲ್ಲ. ಆದ್ರೆ ಅದು ಗಾಳಿಯಲ್ಲಿರೋ ನೀರಿನಂಶ ಹೀರ್ಕೊಳ್ಳುತ್ತೆ. ಸುಮಾರು 3.7 ಪರ್ಸೆಂಟ್ ನೀರು ಸೇರಿದಾಗಿನ ಮಿತಿ ಬರೀ 155 ಡಿಗ್ರಿ. ನಮ್ಮದು ಎರಡು ವರ್ಷ ಹಳೇದು, ಬಣ್ಣ ಕಷಾಯದ ಥರ. ಅದು ಸಾಲದು ಅಂತ, ಸೌಂಡ್ ಚೆನ್ನಾಗಿರ್ಲಿ ಅಂತ ಹೊಸ ಎಕ್ಸಾಸ್ಟ್ ಹೆಡರ್ ಹಾಕಿ, ಶಾಖ ತಡೆಯೋ ತಗಡನ್ನ ನಾವೇ ಕಿತ್ತಿದ್ವಿ. ಕ್ಲಚ್ ಪೈಪ್ ಅದರಿಂದ ಎರಡು ಬೆರಳು ದೂರದಲ್ಲಿತ್ತು.

ಹೊಸ ಆಯಿಲ್ ಹಾಕಿ ಬ್ಲೀಡ್ ಮಾಡಿದ್ವಿ, ಪೈಪ್ ದೂರಕ್ಕೆ ಸರಿಸಿ ಮೇಲೊಂದು ಹೀಟ್ ಸ್ಲೀವ್, ತಗಡು ವಾಪಸ್. ಒಂದು ಎಚ್ಚರಿಕೆ: ಆಯಿಲ್ ಇಲ್ಲ ಅಂತ ಪವರ್ ಸ್ಟೀರಿಂಗ್ ಆಯಿಲ್ ಸುರೀಬೇಡಿ, ಸೀಲ್ ಊದ್ಕೊಳ್ಳುತ್ತೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಬಾಟ್ಲಿ. ಅದರಲ್ಲಿ ಮಟ್ಟ ಇಳೀತಿದ್ರೆ ಟ್ರ್ಯಾಕ್‌ಗೆ ಹೋಗಲೇಬೇಡಿ.

ಆಮೇಲೆ ಹನ್ನೆರಡು ಸುತ್ತು ಓಡಿಸಿ ಮತ್ತೆ ಅಳೆದ್ವಿ: 17. ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. "ಹಳೇ ಪ್ಲೇಟ್ ಚೆನ್ನಾಗೇ ಇತ್ತಲ್ಲಪ್ಪಾ, ಇಟ್ಕೊಂಡಿದ್ದೀರ ತಾನೆ?" ಅಂದ್ರು. ಗುಜರಿಗೆ ಹಾಕಿದ್ವಿ.